ಸದಸ್ಯರು ಹನ್ನೊಂದು ಸಾವಿರ, ನಾಣ್ಯ ಗೊತ್ತಿದ್ದವರು ಯಾರೂ ಇಲ್ಲ

ಹಳೆ ನಾಣ್ಯ, ಸ್ಟ್ಯಾಂಪು, ಬೆಂಕಿಪೆಟ್ಟಿಗೆ ಲೇಬಲ್ಲು, ಯಾವುದೋ ಒಂದನ್ನು ಸಂಗ್ರಹಿಸುವವರ ಬಳಗ ಕಟ್ಟಿ, ಅದಕ್ಕೊಂದು ವೆಬ್‌ಸೈಟ್ ಮಾಡಿಕೊಂಡಿದ್ದೀರಾ? ಹಾಗಾದರೆ "ನಿಮ್ಮ ಸೈಟ್ ಬೆಳೆಸಿಕೊಡ್ತೇವೆ ಸಾರ್" ಅಂತ ಒಂದು ದಿನ ಫೋನ್ ಬರುತ್ತದೆ. ಹೂಂ ಅನ್ನುವ ಮೊದಲು ಇದನ್ನು ಓದಿ. ನಾನು ಹೂಂ ಅಂದೆ.

ನನ್ನದು ಉಡುಪಿ. ಅಜ್ಜನ ಮನೆಯ ಉಪ್ಪರಿಗೆಯಲ್ಲಿ ಒಂದು ಹಾರ್ಲಿಕ್ಸ್ ಬಾಟಲಿ ತುಂಬ ಪಾವಲಿ, ಮುಕ್ಕಾಲು, ತೂತು ಕಾಸು ಸಿಕ್ಕಿದ್ದೇ ಈ ಹುಚ್ಚಿಗೆ ಶುರು. ಖುಷಿಯಲ್ಲಿ ಎಲ್ಲವನ್ನೂ ಹುಣಸೆಹುಳಿ ಹಾಕಿ ತಿಕ್ಕಿ ಪಳಪಳ ಮಾಡಿದ್ದೆ. ಹಳೆ ನಾಣ್ಯವನ್ನು ಹಾಗೆ ತಿಕ್ಕಿದರೆ ಅದರ ಬೆಲೆಯೇ ಹೋಗುತ್ತದೆ ಅಂತ ಆಗ ಹೇಳುವವರು ಯಾರೂ ಇರಲಿಲ್ಲ. ಹೇಳುವವರು ನಾಲ್ಕು ಜನ ಒಂದು ಕಡೆ ಸಿಗಲಿ ಅಂತಲೇ 2018ರಲ್ಲಿ ಸೈಟ್ ಮಾಡಿದ್ದು. ಒಬ್ಬೊಬ್ಬರಿಗೆ ಒಂದೊಂದು ಪುಟ. ನಾಣ್ಯದ ಎರಡೂ ಬದಿಯ ಫೋಟೊ, ತೂಕ, ಎಲ್ಲಿ ಸಿಕ್ಕಿತು ಅನ್ನುವ ಕತೆ. ಗೊತ್ತಿಲ್ಲದ್ದನ್ನು ಗೊತ್ತಿದ್ದವರು ಗುರುತಿಸಿ ಹೇಳುತ್ತಿದ್ದರು.

ಮೂರು ವರ್ಷದಲ್ಲಿ ಅರವತ್ತು ಜನ ಆದೆವು. ಕಮ್ಮಿ ಅನ್ನಿಸಬಹುದು. ಆದರೆ ಎಂಥ ಅರವತ್ತು! ಕುಂದಾಪುರದ ಒಬ್ಬ ರಿಟೈರ್ಡ್ ಮಾಸ್ಟ್ರು ಇದ್ದರು. ಹಿಂದೆ ನಮ್ಮ ಕರಾವಳಿಯನ್ನು ಆಳಿದ ಆಳುಪರ ನಾಣ್ಯದ ಮೇಲಿನ ಜೋಡಿ ಮೀನು, ಹಿಂಬದಿಯಲ್ಲಿ ನಾಗರಿ ಅಕ್ಷರದ "ಶ್ರೀ ಪಾಂಡ್ಯ ಧನಂಜಯ" ತೋರಿಸಿ ಅವರ ರಾಜಧಾನಿ ಬಾರಕೂರಿನ ಕತೆಯನ್ನೇ ಬಿಚ್ಚುತ್ತಿದ್ದರು. 1763ರಲ್ಲಿ ಕೆಳದಿ ಅರಸರ ಬಿದನೂರು ಗೆದ್ದ ಹೈದರಾಲಿ ಅಲ್ಲಿಯ ಚಿನ್ನದ ನಾಣ್ಯ ಇಕ್ಕೇರಿ ವರಹದ ಶಿವ-ಪಾರ್ವತಿಯರನ್ನು ತೆಗೆಯಲಿಲ್ಲ, ಹಿಂದೆ ತನ್ನ ಹೆಸರಿನ ಒಂದಕ್ಷರ ಮಾತ್ರ ಹಾಕಿಸಿದ ಅಂತ ನನಗೆ ಗೊತ್ತಾದದ್ದು ಅವರಿಂದಲೇ. ಯಾರಾದರೂ ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿಯ ಫೋಟೊ ಹಾಕಿದರೆ ಅವರ ಮೊದಲ ಪ್ರಶ್ನೆ, "ತೂಗಿದಿರಾ? 11.66 ಗ್ರಾಂ ಉಂಟಾ?" ನಮ್ಮ ಮೊದಲ ಭೇಟಿ ಉಡುಪಿಯಲ್ಲೇ, ಕಾರ್ಪೊರೇಷನ್ ಬ್ಯಾಂಕ್ ಸ್ಥಾಪಿಸಿದ ಹಾಜಿ ಅಬ್ದುಲ್ಲಾ ಅವರ ಮನೆಯಲ್ಲಿರುವ ನಾಣ್ಯ ಮ್ಯೂಸಿಯಂನಲ್ಲಿ. ಹದಿನಾಲ್ಕು ಜನ ಬಂದಿದ್ದರು. ಅಲ್ಲಿಂದ ಹೊರಗೆ ಬರುವಾಗ ಊಟದ ಹೊತ್ತು ಮೀರಿತ್ತು.

ಫೋನ್ ಬಂದದ್ದು 2022ರಲ್ಲಿ. ಮಂಗಳೂರು ಹಂಪನಕಟ್ಟೆಯ ಒಂದು ಡಿಜಿಟಲ್ ಮಾರ್ಕೆಟಿಂಗ್ ಕಂಪನಿ. ಹೆಸರು ಬರೆಯುವುದಿಲ್ಲ, ಇಂಥವು ಊರಿಗೆ ನಾಲ್ಕು ಇವೆ. ಹುಡುಗ ಬಹಳ ಚಂದ ಮಾತಾಡಿದ. "ನಿಮ್ಮ ಕಂಟೆಂಟ್ ಚಿನ್ನ ಸಾರ್. ಟ್ರಾಫಿಕ್ ಇಲ್ಲ ಅಷ್ಟೆ." ತಿಂಗಳಿಗೆ 12,000 ರೂಪಾಯಿ, ಆರು ತಿಂಗಳ ಕರಾರು. ಕರಾರು ಅಂದರೆ ಬಾಯಿಮಾತು. ಸೈಟಿನ ಪೂರ್ತಿ ಪಾಸ್‌ವರ್ಡ್ ಕೇಳಿದ, ಕೊಟ್ಟೆ. ಡೊಮೇನ್, ಅಂದರೆ ಸೈಟಿನ ವಿಳಾಸ, ರಿನ್ಯೂ ಮಾಡುವ ಸಮಯ ಹತ್ತಿರ ಬಂದಿತ್ತು. "ನಮ್ಮ ಅಕೌಂಟಿಗೆ ಹಾಕಿಕೊಳ್ತೇವೆ, ನಿಮಗೆ ತಲೆನೋವು ಬೇಡ" ಅಂದ. ವರ್ಗಾವಣೆ ಕೋಡ್ ಕೂಡ ಕಳಿಸಿದೆ. ಮನೆ ಗುಡಿಸಲು ಬಂದವರ ಹೆಸರಿಗೆ ಮನೆಯನ್ನೇ ಬರೆದುಕೊಟ್ಟ ಹಾಗಾಯಿತು. ಆದರೆ ಆ ದಿನ ನನಗೆ ನಿಜವಾಗಿಯೂ ಒಂದು ತಲೆನೋವು ಕಮ್ಮಿಯಾಯಿತು ಅಂತಲೇ ಅನ್ನಿಸಿತ್ತು.

ಮೊದಲ ತಿಂಗಳು ಏನೂ ಆಗಲಿಲ್ಲ. ಎರಡನೇ ತಿಂಗಳು ಗ್ರಾಫ್ ಮೇಲೆದ್ದಿತು. ದಿನಕ್ಕೆ ನಲವತ್ತು ಜನ ನೋಡುತ್ತಿದ್ದ ಸೈಟನ್ನು ನಾಲ್ಕು ಸಾವಿರ ಜನ ನೋಡುತ್ತಿದ್ದರು. ಹೆಂಡತಿಗೆ ತೋರಿಸಿದೆ, ಆಫೀಸಿನಲ್ಲಿ ತೋರಿಸಿದೆ. ಇಷ್ಟು ಜನ ಯಾಕೆ ಬರುತ್ತಿದ್ದಾರೆ ಅಂತ ನೋಡಿದ್ದು ಮಾತ್ರ ಎರಡು ವಾರದ ನಂತರ.

ಅವರು ಸೈಟಿನಲ್ಲಿ ಲೇಖನ ಹಾಕಿದ್ದರು. "ವೈಷ್ಣೋದೇವಿ ಚಿತ್ರದ ಈ ನಾಣ್ಯ ನಿಮ್ಮ ಬಳಿ ಇದ್ದರೆ ನೀವು ಲಕ್ಷಾಧಿಪತಿ!" "ನೋಟಿನಲ್ಲಿ 786 ಉಂಟಾ? ಇವತ್ತೇ ಮಾರಿ!" ವೈಷ್ಣೋದೇವಿ ನಾಣ್ಯ 2012ರಲ್ಲಿ ಸರ್ಕಾರವೇ ಬಿಟ್ಟದ್ದು, ಐದರದ್ದೂ ಇದೆ, ಹತ್ತರದ್ದೂ ಇದೆ. ಬಸ್ಸಿನ ಚಿಲ್ಲರೆಯಲ್ಲೇ ಸಿಗುತ್ತಿತ್ತು. ಅದಕ್ಕೆ ಲಕ್ಷ ಕೊಡುವವರು ಯಾರಿದ್ದಾರೆ ಮಾರಾಯ್ರೆ? ಆದರೆ ಸಾವಿರಾರು ಜನ ಹುಡುಕುವುದು ಅದನ್ನೇ. ಆಳುಪರ ಮೀನನ್ನು ಹುಡುಕುವವರು ದಿನಕ್ಕೆ ಇಬ್ಬರು. ಕಂಪನಿಯವರಿಗೆ ನಾಣ್ಯದ ಗಂಧ ಗಾಳಿ ಇರಲಿಲ್ಲ. ಜನ ಏನು ಹುಡುಕುತ್ತಾರೆ ಅನ್ನುವುದು ಮಾತ್ರ ಚೆನ್ನಾಗಿ ಗೊತ್ತಿತ್ತು.

ನನ್ನ ತಪ್ಪನ್ನು ಇಲ್ಲಿ ಮುಚ್ಚಿಡುವುದಿಲ್ಲ. ತನ್ನ ಹೆಸರು ಹೇಳಿ ಹಳೆ ನೋಟು, ನಾಣ್ಯದ ವ್ಯವಹಾರದಲ್ಲಿ ಶುಲ್ಕ, ಕಮಿಷನ್ ಕೇಳುವವರನ್ನು ನಂಬಬೇಡಿ ಅಂತ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಪ್ರಕಟಣೆ ಕೊಟ್ಟಿತ್ತು. ಅದನ್ನು ನಮ್ಮ ಸೈಟಿನಲ್ಲಿ ಹಾಕಿದವನೇ ನಾನು. ಆದರೂ ಆ ಲೇಖನಗಳನ್ನು ತೆಗೆಸಲಿಲ್ಲ. "ಜನ ಬರಲಿ, ಬಂದ ಮೇಲೆ ನಿಜವಾದ ನಾಣ್ಯ ತೋರಿಸಿದರಾಯಿತು" ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಬಂದವರಿಗೆ ನಿಜವಾದ ನಾಣ್ಯ ಬೇಕಾಗಿರಲಿಲ್ಲ. ರೇಟು ಬೇಕಿತ್ತು. "ರೇಟ್ ಎಷ್ಟು", "ಕಾಲ್ ಮಾಡಿ", ಕೆಳಗೊಂದು ಫೋನ್ ನಂಬರ್. ದಿನಕ್ಕೆ ಇನ್ನೂರು ಮುನ್ನೂರು ಇಂಥವು. ನಡುವೆ ಕಂಪನಿಯವರು ನನ್ನನ್ನು ಕೇಳದೆ "ಕೊಡು-ಕೊಳ್ಳು" ಅಂತ ಹೊಸ ವಿಭಾಗ ತೆರೆದರು. ಸದಸ್ಯರ ಲೆಕ್ಕ ಹನ್ನೊಂದು ಸಾವಿರ ದಾಟಿತು. ಅದರಲ್ಲಿ ಎಷ್ಟು ಮನುಷ್ಯರು, ಎಷ್ಟು ಯಂತ್ರ ಹುಟ್ಟಿಸಿದ ಹೆಸರು ಅಂತ ಈಗಲೂ ನನಗೆ ಗೊತ್ತಿಲ್ಲ.

ಒಂದು ದಿನ ಒಬ್ಬ ರಾಮ ದರ್ಬಾರಿನ ನಾಣ್ಯದ ಫೋಟೊ ಹಾಕಿದ. ಒಂದು ಬದಿ ರಾಮ, ಸೀತೆ, ಲಕ್ಷ್ಮಣ, ಹನುಮಂತ. ಇನ್ನೊಂದು ಬದಿ ಈಸ್ಟ್ ಇಂಡಿಯಾ ಕಂಪನಿ, 1818. ಬೆಲೆ ನಲವತ್ತು ಲಕ್ಷ. ಅಕ್ಕಿ ಕಾಳನ್ನು ತನ್ನತ್ತ ಎಳೆಯುವ ಶಕ್ತಿ ಇದೆ ಅಂತ ಬೇರೆ. ಮಾಸ್ಟ್ರು ತಾಳ್ಮೆಯಿಂದ ಬರೆದರು. ಆ ಕಾಲದಲ್ಲಿ ಬಂಗಾಳ, ಮದ್ರಾಸು, ಬೊಂಬಾಯಿ ಪ್ರಾಂತ್ಯಗಳು ಬೇರೆ ಬೇರೆ ನಾಣ್ಯ ಅಚ್ಚು ಹಾಕಿಸುತ್ತಿದ್ದವು, ಒಂದೇ ಥರದ ನಾಣ್ಯ ಶುರುವಾದದ್ದು 1835ರಲ್ಲಿ, ರಾಮ ದರ್ಬಾರಿನ ನಾಣ್ಯವನ್ನು ಈಸ್ಟ್ ಇಂಡಿಯಾ ಕಂಪನಿ ಯಾವತ್ತೂ ಅಚ್ಚು ಹಾಕಲಿಲ್ಲ, ಇದು ಆಮೇಲೆ ಮಾಡಿದ ಟೋಕನ್, ಅಕ್ಕಿ ಎಳೆಯುವುದು ಮೋಸಗಾರರ ಹಳೆ ಆಟ. ಒಂದು ಗಂಟೆಯಲ್ಲಿ ಅವರ ಮೇಲೆ ಎಪ್ಪತ್ತು ಬೈಗುಳ ಬಿದ್ದವು. ಧರ್ಮದ್ರೋಹಿ ಅಂದರು. ಕಮಿಷನ್ ಏಜೆಂಟ್ ಅಂದರು. ನಾನು ಆವತ್ತು ಮದುವೆ ಊಟಕ್ಕೆ ಕಾರ್ಕಳಕ್ಕೆ ಹೋಗಿದ್ದೆ, ರಾತ್ರಿ ಬಂದು ನೋಡುವಾಗ ಮಾಸ್ಟ್ರು ತಮ್ಮ ಪುಟವನ್ನೇ ಅಳಿಸಿದ್ದರು. ಮುನ್ನೂರಕ್ಕೂ ಜಾಸ್ತಿ ನಾಣ್ಯ, ಒಂದೊಂದಕ್ಕೂ ಅವರ ಟಿಪ್ಪಣಿ. ಫೋನ್ ಮಾಡಿದೆ. "ಪರವಾಗಿಲ್ಲ, ನನಗೂ ವಯಸ್ಸಾಯಿತು" ಅಂದರು. ಅಷ್ಟೇ ಮಾತು. ಅವರ ಹಿಂದೆ ಉಳಿದವರೂ ಒಬ್ಬೊಬ್ಬರಾಗಿ ಸುಮ್ಮನಾದರು. ಜಗಳ ಮಾಡಿ ಹೋಗಿದ್ದರೆ ನನಗೆ ಬೇಗ ಎಚ್ಚರ ಆಗುತ್ತಿತ್ತೋ ಏನೋ.

ಮುಲ್ಕಿಯಿಂದ ಒಬ್ಬರು ಫೋನ್ ಮಾಡಿದರು. ಯಾರೋ ಇಬ್ಬರು ಬೈಕಿನಲ್ಲಿ ನೇರ ಅವರ ಮನೆ ಗೇಟಿಗೆ ಬಂದು, "ನಿಮ್ಮಲ್ಲಿ ಬೆಳ್ಳಿ ರೂಪಾಯಿ ಉಂಟಂತೆ, ಕೊಡ್ತೀರಾ?" ಅಂತ ಕೇಳಿದ್ದರು. ಅವರು ಸೈಟಿನಲ್ಲಿ ವಿಳಾಸ ಎಲ್ಲೂ ಬರೆದಿರಲಿಲ್ಲ. ಹೇಗೆ ಗೊತ್ತಾಯಿತು? ಮೊಬೈಲಿನಲ್ಲಿ ತೆಗೆದ ಫೋಟೊದ ಒಳಗೆ, ಲೊಕೇಷನ್ ಆನ್ ಇದ್ದರೆ, ತೆಗೆದ ಜಾಗವೂ ಸೇರಿಕೊಂಡಿರುತ್ತದೆ. ನಾನು ಮಾಡಿದ್ದ ಹಳೆ ಸೈಟು ಫೋಟೊ ಚಿಕ್ಕದು ಮಾಡುವಾಗ ಆ ಮಾಹಿತಿಯನ್ನು ಅಳಿಸುತ್ತಿತ್ತು. ಕಂಪನಿಯವರು "ಕ್ವಾಲಿಟಿ ಬೇಕು" ಅಂತ ಅದನ್ನು ತೆಗೆದು, ಮೂಲ ಫೋಟೊವನ್ನೇ ಯಾರು ಬೇಕಾದರೂ ಇಳಿಸಿಕೊಳ್ಳುವ ಹಾಗೆ ಮಾಡಿದ್ದರು. ಬಂದವರು ಅದನ್ನೇ ನೋಡಿ ಬಂದರು ಅಂತ ಸಾಬೀತು ಮಾಡಲು ನನ್ನಿಂದ ಆಗಲಿಲ್ಲ. ಆದರೆ ನಾನೇ ಅವರ ಒಂದು ಫೋಟೊ ಇಳಿಸಿ ನೋಡಿದೆ. ಮ್ಯಾಪಿನಲ್ಲಿ ಗುರುತು ಅವರ ಅಂಗಳದಲ್ಲೇ ಬಿತ್ತು. ಆ ರಾತ್ರಿ ನಿದ್ದೆ ಬರಲಿಲ್ಲ.

ಅದರ ಮರುವಾರ ಬ್ರಹ್ಮಾವರದ ಒಬ್ಬ ಹೆಂಗಸು 18,500 ರೂಪಾಯಿ ಕಳೆದುಕೊಂಡರು. ವೈಷ್ಣೋದೇವಿ ನಾಣ್ಯಕ್ಕೆ ಮೂರು ಲಕ್ಷ ಕೊಡುತ್ತೇನೆ ಅಂತ ನಮ್ಮ ಸೈಟಿನಲ್ಲೇ ಒಬ್ಬ ಮೆಸೇಜ್ ಮಾಡಿದ್ದ. ಮೊದಲು ನೋಂದಣಿಗೆ 1,500. ಆಮೇಲೆ ರಿಸರ್ವ್ ಬ್ಯಾಂಕ್ ಅನುಮತಿಗೆ 5,000, ಸೀಲು ಹಾಕಿದ ಪತ್ರವೂ ಬಂತು. ಆಮೇಲೆ ತೆರಿಗೆ ಅಂತ 12,000. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಡಿಸಿದೆ. ಆದರೆ ದುಡ್ಡು ಹೋಗಿ ಒಂಬತ್ತು ದಿನ ಆಗಿತ್ತು, ಅಕೌಂಟ್ ಖಾಲಿ. ಹೋದ ಮೊದಲ ಗಂಟೆಗಳಲ್ಲೇ ಫೋನ್ ಮಾಡಿದರೆ ತಡೆಹಿಡಿಯುವ ಆಸೆ ಇರುತ್ತದೆ. ಅವರು ನನ್ನನ್ನು ಬೈಯಲಿಲ್ಲ. "ಉಡುಪಿಯವರ ಸೈಟ್ ಅಲ್ವಾ ಅಂತ ನಂಬಿದೆ" ಅಂದರು.

ಅವತ್ತೇ ಎಲ್ಲ ಮುಚ್ಚಿ ಅಂತ ಕಂಪನಿಗೆ ಹೇಳಿದೆ. ಮುಚ್ಚಲಿಲ್ಲ. ಡೊಮೇನ್ ಅವರ ಅಕೌಂಟಿನಲ್ಲಿ, ಅವರ ಇಮೇಲಿನಲ್ಲಿ. ದಾಖಲೆ ಪ್ರಕಾರ ಮಾಲೀಕರು ಅವರೇ. ನನ್ನ ಪಾಸ್‌ವರ್ಡ್ ಮರುದಿನ ಬೆಳಿಗ್ಗೆ ಕೆಲಸ ಮಾಡಲಿಲ್ಲ. ವಾಪಸ್ ಬೇಕಾದರೆ "ಸೆಟಲ್‌ಮೆಂಟ್" 60,000 ಅಂದರು. ಹಂಪನಕಟ್ಟೆಗೆ ಹೋದೆ, ಚಾ ಕೊಟ್ಟು ಕಳಿಸಿದರು. ವಕೀಲರು ಕೇಳಿದ ಮೊದಲ ಪ್ರಶ್ನೆ, ಬರೆದುಕೊಂಡ ಕರಾರು ಎಲ್ಲಿ. ಬ್ಯಾಕಪ್? ಕಂಪನಿಯವರು ಸೈಟನ್ನು ಹೊಸ ಸರ್ವರಿಗೆ ಹಾಕಿದ ಮೇಲೆ ನಾನು ಒಂದು ಸಲವೂ ತೆಗೆದಿರಲಿಲ್ಲ.

ನೀವು ಯಾರಿಗಾದರೂ ಕೆಲಸ ಕೊಡುವುದೇ ಆದರೆ ಡೊಮೇನ್ ಮಾತ್ರ ನಿಮ್ಮ ಹೆಸರು, ನಿಮ್ಮ ಇಮೇಲ್, ನಿಮ್ಮ ಕಾರ್ಡಿನಲ್ಲೇ ಇರಲಿ. ಅವರಿಗೆ ಬೇರೆ ಲಾಗಿನ್ ಕೊಡಿ, ಬರೆಯಲು ಎಷ್ಟು ಬೇಕೋ ಅಷ್ಟೇ ಅಧಿಕಾರದ್ದು. ವಾರಕ್ಕೊಮ್ಮೆ ಬ್ಯಾಕಪ್ ತೆಗೆದು ಮನೆಯಲ್ಲಿಡಿ. ಅವರು ಗ್ರಾಫ್ ತೋರಿಸಿದಾಗ, ಜನ ಯಾವ ಪುಟಕ್ಕೆ ಬರುತ್ತಿದ್ದಾರೆ ಅಂತ ಅದೇ ದಿನ ತೆರೆದು ನೋಡಿ. ನಾನು ಎರಡು ವಾರ ಬಿಟ್ಟು ನೋಡಿದೆ ಅಂತ ಮೇಲೆ ಬರೆದೆನಲ್ಲ.

ಈಗ ಬೇರೆ ವಿಳಾಸದಲ್ಲಿ ಮೂವತ್ತೇಳು ಜನ ಇದ್ದೇವೆ. ಹಳಬರು ಯಾರಾದರೂ "ಇವರು ನನಗೆ ಗೊತ್ತು" ಅಂದರೆ ಮಾತ್ರ ಹೊಸಬರಿಗೆ ಪ್ರವೇಶ. ಕೊಡು-ಕೊಳ್ಳು ಇಲ್ಲ. ಮಾಸ್ಟ್ರು ಸೈಟಿಗೆ ಬರಲಿಲ್ಲ. ಕಳೆದ ಡಿಸೆಂಬರಿನಲ್ಲಿ ಕಲ್ಸಂಕದ ಹತ್ತಿರ ಹೋಟೆಲಿನಲ್ಲಿ ಸೇರಿದಾಗ ಬಂದು, ಗೋಳಿಬಜೆ ತಿಂದು, ಭೂತಗನ್ನಡಿಯಲ್ಲಿ ಎಲ್ಲರ ನಾಣ್ಯ ನೋಡಿ ಹೋದರು. ಟಿಪ್ಪಣಿ ಮತ್ತೆ ಬರೆಯುತ್ತೀರಾ ಅಂತ ಕೇಳುವ ಧೈರ್ಯ ನನಗಾಗಲಿಲ್ಲ.

ಹಳೆ ವಿಳಾಸ ಇನ್ನೂ ಇದೆ. ಅದರಲ್ಲಿ ನನ್ನ ಮೊಬೈಲ್ ನಂಬರೂ ಹಾಗೇ ಇದೆ. ವಾರಕ್ಕೆ ನಾಲ್ಕೈದು ಕರೆ ಬರುತ್ತವೆ, ವೈಷ್ಣೋದೇವಿ ನಾಣ್ಯಕ್ಕೆ ರೇಟ್ ಎಷ್ಟು ಅಂತ. ಐದು ರೂಪಾಯಿ ಅನ್ನುತ್ತೇನೆ. ಹೆಚ್ಚಿನವರು ಬೈದು ಫೋನ್ ಇಡುತ್ತಾರೆ. ಮೊನ್ನೆ ಒಬ್ಬ ಅಜ್ಜ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ನಾನು ಕಟ್ಟಿದ 1,500?" ಅಂತ ಕೇಳಿದರು. ಯಾವಾಗ ಕಟ್ಟಿದ್ದು ಅಂತ ಕೇಳಿದೆ. ಬೆಳಿಗ್ಗೆ ಅಂದರು. 1930ರ ನಂಬರ್ ಹೇಳಿ ಫೋನ್ ಇಡಿಸಿದೆ.