ಸಾಗರ ದಾಟಲು ಯಾವುದು: ಕೈಯಾರೆ ಕಟ್ಟಿದ ಹಾಯಿದೋಣಿಯೋ, ಕಾರ್ಖಾನೆಯ ಹಳೆ ದೋಣಿಯೋ?

ಎರಡರಲ್ಲೂ ಸಾಗರ ದಾಟಿದವರಿದ್ದಾರೆ. ಬ್ರಿಟನ್ನಿನ ದೋಣಿ ವಿನ್ಯಾಸಕ ಜೇಮ್ಸ್ ವಾರಮ್ 1950ರ ದಶಕದಲ್ಲಿ ತಾವೇ ಕಟ್ಟಿದ ಪುಟ್ಟ, ಜೋಡಿ ಒಡಲಿನ ಕ್ಯಾಟಮರಾನ್‌ನಲ್ಲಿ ಅಟ್ಲಾಂಟಿಕ್ ದಾಟಿದರು. ಆದರೆ ಅಪಾಯ ಒಂದೊಂದರಲ್ಲಿ ಒಂದೊಂದು ಕಡೆ ಅಡಗಿರುತ್ತದೆ.

ಕೈಯಾರೆ ಕಟ್ಟಿದ್ದರಲ್ಲಿ ನನಗೆ ಜಾಸ್ತಿ ಭಯ ಅಂಟಿನದ್ದು. ಎಪಾಕ್ಸಿ ಅಂಟಿನ ಎರಡು ದ್ರವಗಳನ್ನು ಬೆರೆಸುವಾಗ ಅಳತೆ ತಪ್ಪಿದರೆ ಆ ಜೋಡಣೆ ಪೂರ್ತಿ ಗಟ್ಟಿಯಾಗುವುದಿಲ್ಲ. ಬಣ್ಣ ಬಳಿದ ಮೇಲೆ ಯಾರ ಕಣ್ಣಿಗೂ ಬೀಳುವುದಿಲ್ಲ. ಅಂಟು ಒಣಗಿದ ಮೇಲೆ, ಅದು ಹೊರಗೆ ಉಕ್ಕಿದ ಕಡೆ ಉಗುರಿನಿಂದ ಒತ್ತಿ ನೋಡಿ. ಗುರುತು ಬಿತ್ತಾ? ಕಿತ್ತು ಮತ್ತೆ ಮಾಡಲೇಬೇಕು. ಇನ್ನೊಂದು, ತೂಕ. ನಕ್ಷೆಯಲ್ಲಿ ಇಲ್ಲದ ಕಪಾಟು, ದಪ್ಪ ಹಲಗೆ ಮೇಲ್ಭಾಗಕ್ಕೆ ಸೇರಿಸುತ್ತಾ ಹೋದರೆ, ವಾಲಿದ ದೋಣಿ ಮತ್ತೆ ನೆಟ್ಟಗಾಗುವ ಶಕ್ತಿ ಕಡಿಮೆಯಾಗುತ್ತದೆ.

ಕಾರ್ಖಾನೆಯ ದೋಣಿಯ ವಿನ್ಯಾಸ ಮೊದಲೇ ಪರೀಕ್ಷೆಯಾಗಿರುತ್ತದೆ. ಯುರೋಪಿನ ದೋಣಿ ನಿಯಮದ ‘ಎ’ ವರ್ಗದ್ದಾದರೆ, ಗಾಳಿಯ ಬಿರುಸು ಅಳೆಯುವ ಬ್ಯೂಫೋರ್ಟ್ ಮಾಪಕದಲ್ಲಿ 8 ಮೀರಿದ ಗಾಳಿಗೂ 4 ಮೀಟರ್ ಮೀರಿದ ಅಲೆಗೂ ತಕ್ಕಂತೆ ರೂಪಿಸಿದ್ದು. ಇದರ ಶತ್ರು ವಯಸ್ಸು. ತಳದ ಭಾರವಾದ ಕೀಲನ್ನು ಒಡಲಿಗೆ ಬಿಗಿಯುವ ಕೀಲ್ ಬೋಲ್ಟ್, ಹಾಯಿಕಂಬದ ತಂತಿಗಳನ್ನು ಒಡಲಿಗೆ ಹಿಡಿದಿಡುವ ಚೈನ್‌ಪ್ಲೇಟ್ ಇರುವ ಒದ್ದೆ, ಗಾಳಿಯಾಡದ ಸಂದಿಯಲ್ಲಿ ಸ್ಟೇನ್‌ಲೆಸ್ ಸ್ಟೀಲೂ ತುಕ್ಕು ಹಿಡಿಯುತ್ತದೆ. ಆದರೆ ದೋಣಿ ತಪಾಸಣೆ ಮಾಡುವ ಸರ್ವೇಯರ್‌ಗೆ ಎಲ್ಲಿ ಹುಡುಕಬೇಕು ಅಂತ ಗೊತ್ತಿರುತ್ತದೆ, ಅಲ್ವಾ? ವಿಮೆಯೂ ಸುಲಭ.

ರಿಪೇರಿಯಲ್ಲಿ ಮಾತ್ರ ಕಟ್ಟಿದವರೇ ಮುಂದು. ನಡುನೀರಿನಲ್ಲಿ ಚುಕ್ಕಾಣಿ ಮುರಿದರೆ ಅದರ ಒಳಗೇನಿದೆ ಅಂತ ಅವರಿಗೆ ಗೊತ್ತು.

ಮೊದಲ ಸಾಗರಯಾನವಾದರೆ ಸರ್ವೇ ಮಾಡಿಸಿದ ಹಳೆ ಕಾರ್ಖಾನೆ ದೋಣಿ ತಗೊಳ್ಳಿ. ನೀವೇ ಕಟ್ಟಿದ್ದಾದರೆ ಒಂದಿಡೀ ವರ್ಷ ದಡದ ಹತ್ತಿರವೇ ಒರಟು ಗಾಳಿಯಲ್ಲಿ ಓಡಿಸಿ, ಆಮೇಲೆ ಹೊರಡಿ. ಬೇರೆಯವರು ಮನೆಯಲ್ಲಿ ಕಟ್ಟಿದ ದೋಣಿಯನ್ನು, ಕಟ್ಟುವಾಗಿನ ಫೋಟೋಗಳಿಲ್ಲದೆ ಕೊಳ್ಳಲೇಬೇಡಿ.