ಅವಳಿ ಮಕ್ಕಳಿಗೆ ಹೋಮ್ ನರ್ಸ್: ಮಂಗಳೂರಿನ ಕದ್ರಿಯ ನಮ್ಮ ಮನೆಯ ಅನುಭವ

ಕಳೆದ ವರ್ಷ ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲಿ ನನ್ನ ಮಗಳು 35ನೇ ವಾರಕ್ಕೇ ಅವಳಿ ಗಂಡುಮಕ್ಕಳನ್ನು ಹೆತ್ತಳು. ಒಬ್ಬನ ತೂಕ 2.1 ಕಿಲೋ, ಇನ್ನೊಬ್ಬನದು 1.9. ಎರಡು ಗಂಟೆಗೊಮ್ಮೆ ಹಾಲು ಕೊಡಬೇಕೆಂದು ವೈದ್ಯರು ಹೇಳಿದ್ದರು. ಅಂದರೆ ಇಬ್ಬರಿಗೂ ಸೇರಿ ದಿನಕ್ಕೆ 24 ಸಲ. ಮೊಣಕಾಲು ನೋವಿನ ನನ್ನೊಬ್ಬಳಿಂದ ಈ ಬಾಣಂತನ ಸಾಧ್ಯವಿರಲಿಲ್ಲ.

ಮೊದಲು ನಗರದ ಒಂದು ಏಜೆನ್ಸಿಯನ್ನು ಕೇಳಿದೆವು. ಅವಳಿಗಳನ್ನು ನೋಡಿ ಅಭ್ಯಾಸವಿರುವವರನ್ನೇ ಕಳುಹಿಸುತ್ತೇವೆಂದು ಹೇಳಿ ನೋಂದಣಿ ಶುಲ್ಕ ಪಡೆದರು. ಮೂರನೆಯ ರಾತ್ರಿ ಎದ್ದು ನೋಡಿದರೆ, ಬಂದ ಹುಡುಗಿ ದಿಂಬಿಗೆ ಬಾಟಲಿ ಒರಗಿಸಿ ಚಿಕ್ಕವನ ಬಾಯಿಗಿಟ್ಟು, ದೊಡ್ಡವನನ್ನು ತೊಡೆಯ ಮೇಲಿಟ್ಟುಕೊಂಡು ಹಾಲು ಕುಡಿಸುತ್ತಿದ್ದಳು. ಹಾಗೆ ಕುಡಿಯುವ ಶಿಶುವಿನ ಶ್ವಾಸನಾಳಕ್ಕೆ ಹಾಲು ಹೋಗುವ ಅಪಾಯವಿದೆ. ಕೇಳಿದಾಗ ಅವಳು ಅತ್ತುಬಿಟ್ಟಳು: "ಅಮ್ಮಾ, ನಾನು ಇಷ್ಟು ದಿನ ವಯಸ್ಸಾದವರನ್ನು ಮಾತ್ರ ನೋಡಿಕೊಂಡದ್ದು." ನನಗೆ ಅವಳ ಮೇಲೆ ಸಿಟ್ಟಿಲ್ಲ; ಗೊತ್ತಿದ್ದೂ ಕಳುಹಿಸಿದವರ ಮೇಲಿದೆ. ಶುಲ್ಕವನ್ನು ಅವರು ಹಿಂತಿರುಗಿಸಲಿಲ್ಲ.

ಬಳಿಕ ಬಿಜೈಯ ಪರಿಚಿತರ ಮೂಲಕ ಬಂಟ್ವಾಳ ಕಡೆಯ ಒಬ್ಬ ಅಕ್ಕ ಬಂದರು. ಬಹಳ ವರ್ಷಗಳಿಂದ ಬಾಣಂತನವನ್ನೇ ಮಾಡಿಕೊಂಡು ಬಂದವರು. ಬಂದ ದಿನವೇ ದೊಡ್ಡವನ ಬಲಗಾಲಿಗೆ ಸಡಿಲವಾಗಿ ಕರಿನೂಲು ಕಟ್ಟಿ, ಒಂದು ನೋಟ್‌ಪುಸ್ತಕದಲ್ಲಿ "ನೂಲಿನವ", "ನೂಲಿಲ್ಲದವ" ಎಂದು ಎರಡು ಸಾಲು ಎಳೆದು, ಯಾರು ಎಷ್ಟು ಗಂಟೆಗೆ ಎಷ್ಟು ಹಾಲು ಕುಡಿದ, ಯಾರ ಬಟ್ಟೆ ಎಷ್ಟು ಸಲ ಒದ್ದೆಯಾಯಿತು ಎಂದು ಬರೆಯತೊಡಗಿದರು. ಒಬ್ಬ ಎದ್ದರೆ ಮಲಗಿದ್ದ ಇನ್ನೊಬ್ಬನನ್ನೂ ಎಬ್ಬಿಸಿ ಒಂದೇ ಹೊತ್ತಿಗೆ ಹಾಲು ಕೊಡಿಸುವುದು ಅವರ ಕ್ರಮ. ಮೊದಲಿಗೆ ನನಗೆ ಅದು ಕ್ರೂರವೆನಿಸಿತು. ಆದರೆ ಮಗಳಿಗೆ ಒಟ್ಟಿಗೆ ಸ್ವಲ್ಪ ಹೊತ್ತು ನಿದ್ದೆ ಸಿಕ್ಕಿದ್ದು ಅದರಿಂದಲೇ. ಪ್ರತಿ ಸಲವೂ ಹೆಗಲಿಗೆ ಹಾಕಿ ತೇಗು ಬರುವವರೆಗೆ ಬೆನ್ನು ತಟ್ಟದೆ ಮಕ್ಕಳನ್ನು ಮಲಗಿಸುತ್ತಿರಲಿಲ್ಲ. ಮಳೆಗೆ ಒಣಗದ ಬಟ್ಟೆಗಳನ್ನು ಬಚ್ಚಲೊಲೆಯ ಮೇಲಿನ ಹಗ್ಗಕ್ಕೆ ಹಾಕಿ ಬೆಚ್ಚಗೆ ಒಣಗಿಸಿಕೊಡುತ್ತಿದ್ದರು.

ಒಂದು ವಿಷಯದಲ್ಲಿ ಮಾತ್ರ ನಮಗೆ ಭಿನ್ನಾಭಿಪ್ರಾಯವಿತ್ತು. ಸ್ನಾನದ ನಂತರ ಕಿವಿ ಮೂಗಿಗೆ ಎಣ್ಣೆ ಬಿಡುವುದನ್ನೂ ಸಾಂಬ್ರಾಣಿಯ ಹೊಗೆ ಹಿಡಿಯುವುದನ್ನೂ ವೈದ್ಯರು ಬೇಡವೆಂದಿದ್ದರು. ಅಕ್ಕ ಒಂದು ದಿನ ಮುಖ ಬಿಗಿದುಕೊಂಡಿದ್ದರು, ಮರುದಿನದಿಂದ ಎರಡನ್ನೂ ಬಿಟ್ಟರು.

ತಿಂಗಳಿಗೆ 26 ಸಾವಿರ ರೂಪಾಯಿ ಕೊಟ್ಟೆವು. ಅಡುಗೆ ಅವರ ಕೆಲಸವಲ್ಲ, ಮಧ್ಯಾಹ್ನ ನಾಲ್ಕು ಗಂಟೆಗಳ ಕಾಲ ಅವರಿಗೆ ಪೂರ್ಣ ನಿದ್ದೆ ಬೇಕು. ರಾತ್ರಿಯ ಕೆಲಸಕ್ಕೆ ಇದು ನ್ಯಾಯವಾದ ಷರತ್ತು, ಕಡಿಮೆ ಮಾಡಲು ಕೇಳಬೇಡಿ. ಆರನೇ ವಾರದ ಲಸಿಕೆಗೆ ಹೋದಾಗ ನೂಲಿನವ 3.2 ಕಿಲೋ, ನೂಲಿಲ್ಲದವ 2.9 ಕಿಲೋ ಇದ್ದರು, ವೈದ್ಯರು ಆ ನೋಟ್‌ಪುಸ್ತಕವನ್ನು ಪುಟ ಪುಟವಾಗಿ ತಿರುಗಿಸಿ ನೋಡಿದರು.

ಏಜೆನ್ಸಿಯ ಮೂಲಕವೇ ಹುಡುಕುವವರು ಬರುವವರ ಹತ್ತಿರ ನೇರವಾಗಿ ಮಾತನಾಡಿ, ನವಜಾತ ಶಿಶುಗಳನ್ನು ನೋಡಿದ ಅನುಭವವನ್ನು ಕೇಳಬೇಕು. ಶುಲ್ಕ ಹಿಂತಿರುಗಿಸುವ ಷರತ್ತನ್ನು ಬರೆಸಿಕೊಳ್ಳಬೇಕು. ಅಕ್ಕನಂಥವರು ಬೇಕಿದ್ದರೆ ಏಳನೇ ತಿಂಗಳಿನಲ್ಲೇ ಹೇಳಿಡಬೇಕು, ಏಕೆಂದರೆ ಅವಳಿಗಳು ದಿನ ತುಂಬುವ ಮೊದಲೇ ಹುಟ್ಟುವುದು ಹೆಚ್ಚು.