ಉಚಿತ ವಕೀಲರನ್ನು ಕೊಡಿಸುತ್ತೇನೆಂದು ದುಡ್ಡು ಕೇಳುವವರಿದ್ದಾರೆ, ಎಚ್ಚರ

ಉಚಿತ ಕಾನೂನು ನೆರವಿನ ಅರ್ಜಿಗೆ ಯಾರಾದರೂ ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ದುಡ್ಡು ಹೋದರೆ ಹೋಗಲಿ ಎನ್ನಬಹುದು. ನಮ್ಮ ಚಿಕ್ಕಮ್ಮನ ವಿಷಯದಲ್ಲಿ ಇರುವ ಒಂದು ಮನೆಯೇ ಕೈತಪ್ಪುವುದರಲ್ಲಿತ್ತು.

ಚಿಕ್ಕಮ್ಮ ಹೊಲಿಗೆ ಕೆಲಸದಿಂದ ಜೀವನ ನಡೆಸುವವರು. ಚಿಕ್ಕಪ್ಪ ತೀರಿಕೊಂಡ ಮೇಲೆ ಅವರ ಅಣ್ಣನ ಮಗ ಮನೆಯಲ್ಲಿ ಪಾಲು ಕೇಳಿ ದಾವೆ ಹೂಡಿದ. ಸಮನ್ಸ್ ಹಿಡಿದುಕೊಂಡು ತಾಲ್ಲೂಕು ನ್ಯಾಯಾಲಯಕ್ಕೆ ಹೋದವರಿಗೆ ಗೇಟಿನ ಬಳಿಯೇ ಒಬ್ಬಾತ ಗಂಟುಬಿದ್ದ. ಕಪ್ಪು ಕೋಟಿಲ್ಲ, ಬಗಲಲ್ಲಿ ಫೈಲುಗಳ ಕಟ್ಟು. "ಸರ್ಕಾರಿ ವಕೀಲರನ್ನು ಕೊಡಿಸುತ್ತೇನಮ್ಮಾ, ಮೊದಲು ಆದಾಯ ಪ್ರಮಾಣಪತ್ರ ಆಗಬೇಕು, ಎರಡು ಸಾವಿರ ಕೊಡಿ" ಎಂದ. ಪೆನ್ಸಿಲ್‌ನಿಂದ ಪುಟ್ಟದಾಗಿ ಗುರುತು ಹಾಕಿಟ್ಟ ಜಾಗಗಳಲ್ಲೆಲ್ಲ ರುಜು ಮಾಡಿಸಿಕೊಂಡ. ಒಂದು ವಕಾಲತ್ತಿನ (ನಮ್ಮ ಪರ ನಡೆಸಲು ವಕೀಲರಿಗೆ ಕೊಡುವ ಅಧಿಕಾರಪತ್ರದ) ನಮೂನೆ, ಎರಡು ಪೂರ್ತಿ ಖಾಲಿ ಹಾಳೆ. ರಸೀದಿ ಇಲ್ಲ.

ಆತ ಹೇಳಿದ್ದು ಹಸಿ ಸುಳ್ಳು. ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ, 1987ರ 12ನೇ ಕಲಮಿನ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು ಮುಂತಾದವರಿಗೆ ಆದಾಯದ ಮಿತಿಯೇ ಇಲ್ಲ. ಬೇರೆ ಯಾವ ವರ್ಗಕ್ಕೂ ಸೇರದೆ, ಬಡತನವೊಂದನ್ನೇ ಆಧಾರವಾಗಿ ತೋರಿಸುವವರಿಗೆ ಮಾತ್ರ ಆ ಮಿತಿ. ಅರ್ಜಿಗೆ ಶುಲ್ಕವಿಲ್ಲ. ಉಚಿತ ನೆರವಿನ ವಕೀಲರ ಪಟ್ಟಿಯಿಂದ ನೇಮಕವಾದ (ಪ್ಯಾನೆಲ್) ವಕೀಲರು ಕಕ್ಷಿದಾರರಿಂದ ಫೀಸು ಕೇಳುವಂತೆಯೂ ಇಲ್ಲ.

ಪ್ರಮಾಣಪತ್ರ "ನಾಳೆ ಬರುತ್ತದೆ, ನಾಡಿದ್ದು ಬರುತ್ತದೆ" ಎಂದು ಆತ ಸತಾಯಿಸುತ್ತಿದ್ದಾಗ ಅತ್ತ ಗಡುವು ಕರಗುತ್ತಿತ್ತು. ಸಿವಿಲ್ ದಾವೆಯಲ್ಲಿ ಸಮನ್ಸ್ ಜಾರಿಯಾದ 30 ದಿನಗಳೊಳಗೆ ಪ್ರತಿವಾದಿ ಲಿಖಿತ ಹೇಳಿಕೆ, ಅಂದರೆ ದಾವೆಗೆ ತನ್ನ ಉತ್ತರ, ಸಲ್ಲಿಸಬೇಕು. ತಕ್ಕ ಕಾರಣವಿದ್ದರೆ ನ್ಯಾಯಾಲಯ ಅದನ್ನು 90 ದಿನಗಳವರೆಗೆ ವಿಸ್ತರಿಸಬಹುದು, ಆದರೆ ಕೇಳಲು ಯಾರಾದರೂ ಹಾಜರಿರಬೇಕಲ್ಲ! ಚಿಕ್ಕಮ್ಮನ ಪರವಾಗಿ ವಕಾಲತ್ತೇ ದಾಖಲಾಗಿರಲಿಲ್ಲ. ಪ್ರಕರಣ ಕೂಗಿದಾಗ ಯಾರೂ ಇಲ್ಲದೆ ನ್ಯಾಯಾಧೀಶರು ಅವರನ್ನು ಏಕಪಕ್ಷೀಯವಾಗಿ ಇಟ್ಟರು, ಅಂದರೆ ಅವರ ಗೈರಿನಲ್ಲೇ ದಾವೆ ಮುಂದುವರಿಯಲೆಂದು ಆದೇಶಿಸಿದರು. ತೀರ್ಪು, ಡಿಕ್ರಿ ಆಗುವ ಮುಂಚೆ ವಿಷಯ ನಮ್ಮ ಕಿವಿಗೆ ಬಿದ್ದದ್ದು ಪುಣ್ಯ.

ಅದೇ ಆವರಣದಲ್ಲಿ, ಆತ ನಿಂತಿರುತ್ತಿದ್ದ ಜಾಗಕ್ಕೆ ಕೂಗಳತೆಯಲ್ಲೇ, ತಾಲ್ಲೂಕು ಕಾನೂನು ಸೇವೆಗಳ ಸಮಿತಿಯ ಕೋಣೆಯಿದೆ. ಬಿಳಿ ಹಾಳೆಯಲ್ಲಿ ಕನ್ನಡದಲ್ಲೇ ಅರ್ಜಿ ಬರೆದು, ಸಮನ್ಸ್ ಪ್ರತಿ ಲಗತ್ತಿಸಿ ಕೊಟ್ಟೆವು. ವಕೀಲರ ನೇಮಕವಾಯಿತು. ಅವರು ಅರ್ಜಿ ಹಾಕಿ ಏಕಪಕ್ಷೀಯ ಆದೇಶವನ್ನು ರದ್ದುಪಡಿಸಿಕೊಂಡರು. ಜಾಗ ಗೊತ್ತಾಗದಿದ್ದರೆ 15100 ಸಹಾಯವಾಣಿಗೆ ಕರೆ ಮಾಡಿ. ಗೇಟಿನಲ್ಲಿ ನಿಂತವರನ್ನು ಮಾತ್ರ ಕೇಳಬೇಡಿ.

ಆದರೂ ಆ ಖಾಲಿ ಹಾಳೆಗಳು ನನ್ನ ನಿದ್ದೆ ಕೆಡಿಸಿವೆ. ರುಜು ಇರುವ ಹಾಳೆಯ ಮೇಲೆ ಯಾರು ಏನನ್ನು ಬೇಕಾದರೂ ಟೈಪ್ ಮಾಡಬಹುದು. ರಾಜಿ ಪತ್ರವೆಂದು ಬರೆದು, ರಾಜಿಯಿಂದ ವ್ಯಾಜ್ಯ ತೀರಿಸುವ ಲೋಕ ಅದಾಲತ್‌ನಲ್ಲಿ ಇಟ್ಟರೆ? ಲೋಕ ಅದಾಲತ್ ತೀರ್ಪಿನ ಮೇಲೆ ಮೇಲ್ಮನವಿಗೆ ಅವಕಾಶವಿಲ್ಲ. ವಕೀಲರ ಸಲಹೆಯಂತೆ ಪೊಲೀಸ್ ಠಾಣೆಗೆ ದೂರು ಕೊಟ್ಟು, ಅದರ ಸ್ವೀಕೃತಿಯನ್ನು ನ್ಯಾಯಾಲಯದ ಕಡತಕ್ಕೆ ಸೇರಿಸಿದ್ದೇವೆ. ಯಾರ ಕೈಯಲ್ಲಾದರೂ ನಿಮ್ಮ ರುಜುವಿನ ಖಾಲಿ ಹಾಳೆ ಉಳಿದಿದ್ದರೆ ಇವತ್ತೇ ಇಷ್ಟು ಮಾಡಿ.